ಕೈಗೆಟಕುವ ಬೆಲೆ, ಇಲ್ಲಿಯದೇ ಅಲಗು

ಮನೆಯ ಅಡುಗೆಗೆ ಬೇಕಾದ ಚಾಕುಗಳು ಎರಡೇ. ಒಂದು, ಹಿಡಿ ಬಿಟ್ಟು ಅಲಗೇ 18ರಿಂದ 20 ಸೆಂಟಿಮೀಟರ್ ಉದ್ದವಿರುವ ದೊಡ್ಡ ಚಾಕು. ಇನ್ನೊಂದು, 8ರಿಂದ 10 ಸೆಂಟಿಮೀಟರ್ ಅಲಗಿನ ಸಣ್ಣದು. ಎಲೆಕೋಸು, ಸೋರೆಕಾಯಿ, ಈರುಳ್ಳಿ, ಬೀನ್ಸ್, ಸೊಪ್ಪು ಹೆಚ್ಚುವುದು ದೊಡ್ಡದರ ಕೆಲಸ. ಬೆಳ್ಳುಳ್ಳಿ ಬಿಡಿಸುವುದು, ಆಲೂಗಡ್ಡೆಯ ಕಣ್ಣು ತೆಗೆಯುವುದು, ಎಣ್ಣೆಗಾಯಿಗೆ ಬದನೆಕಾಯಿ ಸೀಳುವುದು ಸಣ್ಣದರ ಕೆಲಸ. ಮರದ ಗೂಡಿನಲ್ಲಿ ಸಿಕ್ಕಿಸಿ ಮಾರುವ ಆರೆಂಟು ಚಾಕುಗಳ ಸೆಟ್ಟು ಕೊಂಡ ಮನೆಗಳಲ್ಲೂ ದಿನಬಳಕೆಗೆ ಬರುವುದು ಅದರೊಳಗಿನ ಎರಡೇ. ಉಳಿದವು ಗೂಡಿನಲ್ಲೇ ಧೂಳು ಹಿಡಿಯುತ್ತವೆ. ಆ ಸೆಟ್ಟಿನ ಹಣದಲ್ಲಿ ಒಳ್ಳೆಯ ದೊಡ್ಡ ಚಾಕು, ಒಂದು ಸಣ್ಣ ಚಾಕು, ಜೊತೆಗೆ ಒಂದು ಸಾಣೆಕಲ್ಲು ಮೂರೂ ಬರುತ್ತವೆ. ಮೂರೂ ಭಾರತದಲ್ಲೇ ತಯಾರಾಗುತ್ತವೆ. ಹುಡುಕಿ ಕೊಂಡರೆ ಮೂರಕ್ಕೂ ಸೇರಿ ಸಾವಿರ ರೂಪಾಯಿ ದಾಟಬೇಕಾಗಿಲ್ಲ.

ಚಾಕು ಚೆನ್ನಾಗಿ ಹೆಚ್ಚುತ್ತದೆಯೇ ಇಲ್ಲವೇ ಎಂಬುದನ್ನು ಮೊದಲು ನಿರ್ಧರಿಸುವುದು ಅಲಗಿನ ತೆಳುವು. ಗಜ್ಜರಿಯನ್ನು ದಪ್ಪ ಅಲಗಿನಿಂದ ಹೆಚ್ಚಿದರೆ ಅರ್ಧ ದಾರಿಯಲ್ಲೇ ಟಕ್ಕೆಂದು ಸಿಡಿದು ಎರಡಾಗುತ್ತದೆ. ಅಲ್ಲಿ ಅಲಗು ಕತ್ತರಿಸುತ್ತಿಲ್ಲ, ಕಟ್ಟಿಗೆಗೆ ಹೊಡೆದ ಬೆಣೆಯ ಹಾಗೆ ಸೀಳುತ್ತಿದೆ. ಕೋಸಂಬರಿಗೆ ಸಣ್ಣಗೆ ಹೆಚ್ಚುವಾಗ, ಪಲ್ಯಕ್ಕೆ ಎಲೆಕೋಸನ್ನು ಎಳೆಎಳೆಯಾಗಿ ಮಾಡುವಾಗ ಈ ವ್ಯತ್ಯಾಸ ಕೈಗೆ ಕೂಡಲೇ ತಿಳಿಯುತ್ತದೆ. ಅಡುಗೆಮನೆಯ ದೊಡ್ಡ ಚಾಕುವಿನ ಬೆನ್ನು ಒಂದೂವರೆಯಿಂದ ಎರಡೂವರೆ ಮಿಲಿಮೀಟರ್ ದಪ್ಪವಿದ್ದರೆ ಸಾಕು. ಆದರೆ ಬೆನ್ನಿನ ದಪ್ಪಕ್ಕಿಂತ ಮುಖ್ಯವಾದುದು, ಬೆನ್ನಿನಿಂದ ಬಾಯಿಯ ಕಡೆಗೆ ಇಳಿಯುತ್ತಾ ಅಲಗು ಒಂದೇ ಸಮನೆ ಕಿರಿದಾಗುವುದು. ಅಗ್ಗದ ಚಾಕುಗಳಲ್ಲಿ ತಗಡಿನ ದಪ್ಪ ಕೊನೆಯವರೆಗೂ ಹಾಗೇ ಬಂದು, ಅಂಚಿನಲ್ಲಿ ಮಾತ್ರ ಒಂದು ಸಣ್ಣ ಇಳಿಜಾರು ಉಜ್ಜಿರುತ್ತಾರೆ. ಅಂಥ ಚಾಕು ಎಷ್ಟೇ ಹರಿತವಿದ್ದರೂ ಗಟ್ಟಿ ತರಕಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಎರಡನೆಯದು ಉಕ್ಕು. ಕಬ್ಬಿಣಕ್ಕೆ ಒಂದಿಷ್ಟು ಇಂಗಾಲ ಬೆರೆತರೆ ಉಕ್ಕು. ಇಂಗಾಲ ಹೆಚ್ಚಿದಷ್ಟೂ ಕಾಯಿಸಿ ಹದ ಕೊಟ್ಟಾಗ ಅಲಗು ಗಟ್ಟಿಯಾಗುತ್ತದೆ, ಜೊತೆಗೆ ಚಕ್ಕೆ ಏಳುವ ಗುಣವೂ ಬರುತ್ತದೆ. ಶೇಕಡಾ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಸೇರಿದರೆ ಅದು ತುಕ್ಕು ತಡೆಯುವ ಸ್ಟೇನ್‌ಲೆಸ್ ಸ್ಟೀಲ್. ಇಲ್ಲೊಂದು ಗೊಂದಲವಿದೆ. ತಟ್ಟೆ ಲೋಟಗಳಿಗೆ ಬಳಸುವ 304 ದರ್ಜೆಯ ಸ್ಟೀಲಿನಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, ಶೇಕಡಾ 8 ನಿಕ್ಕಲ್ ಇರುತ್ತದೆ. ಅದು ತುಕ್ಕನ್ನು ತಡೆಯುವುದರಲ್ಲಿ ಬಹಳ ಮುಂದು, ಆದರೆ ಕಾಯಿಸಿ ಅದ್ದಿದರೆ ಗಟ್ಟಿಯಾಗುವ ಜಾತಿಯದಲ್ಲ. ಹಾಗಾಗಿ ಹರಿತ ಹಿಡಿದುಕೊಳ್ಳಲಾರದು. ಚಾಕುವಿಗೆ ಬೇಕಾದದ್ದು ಬೇರೆ ಕುಲದ ಸ್ಟೀಲು. ಭಾರತದ ಅಗ್ಗದ ಚಾಕುಗಳಲ್ಲಿ ಹೆಚ್ಚಾಗಿ ಕಾಣುವುದು 420 ದರ್ಜೆ. ಅದರಲ್ಲಿ ಶೇಕಡಾ 12ರಿಂದ 14 ಕ್ರೋಮಿಯಂ, ಶೇಕಡಾ 0.3ರ ಆಸುಪಾಸಿನಲ್ಲಿ ಇಂಗಾಲ ಇರುತ್ತದೆ. ಇವೆರಡನ್ನು ಬೇರ್ಪಡಿಸಲು ಒಂದು ಸಣ್ಣ ಆಯಸ್ಕಾಂತ ಸಾಕು. ಆಯಸ್ಕಾಂತ ಅಂಟದ ಅಲಗು ಪಾತ್ರೆಯ ಸ್ಟೀಲು, ಅದನ್ನು ಕೊಳ್ಳಬಾರದು. ಅಂಟಿದ ಮಾತ್ರಕ್ಕೆ ಒಳ್ಳೆಯ ಚಾಕು ಎಂದೂ ಅಲ್ಲ, ಏಕೆಂದರೆ ಗಟ್ಟಿಯಾಗದ ಕೆಲವು ಸ್ಟೀಲುಗಳಿಗೂ ಆಯಸ್ಕಾಂತ ಅಂಟುತ್ತದೆ. ಆದರೂ ತೀರಾ ಕೆಟ್ಟದ್ದನ್ನು ಅಂಗಡಿಯಲ್ಲೇ ಜರಡಿ ಹಿಡಿಯುವುದಕ್ಕೆ ಇದಕ್ಕಿಂತ ಸುಲಭದ ದಾರಿಯಿಲ್ಲ.

ಅಲಗಿನ ಗಡಸುತನವನ್ನು ರಾಕ್‌ವೆಲ್ ಮಾಪನದಲ್ಲಿ ಹೇಳುತ್ತಾರೆ. 420 ದರ್ಜೆಯ ಸಾಧಾರಣ ಚಾಕು 50ರಿಂದ 55ರ ನಡುವೆ ಇರುತ್ತದೆ. ಜರ್ಮನಿಯ ಹೆಸರಾಂತ ಚಾಕುಗಳು 54ರಿಂದ 58, ಜಪಾನಿನವು 60 ಮತ್ತು ಅದಕ್ಕೂ ಮೇಲೆ. ಐದಾರು ಸಾವಿರ ರೂಪಾಯಿ ಕೊಟ್ಟು ತರಿಸುವ ಜಪಾನೀ ಚಾಕುವಿನ ಹರಿತ ಹೆಚ್ಚು ದಿನ ಬಾಳುವುದು ಈ ಗಡಸುತನದಿಂದಲೇ. ಆದರೆ ಅದೇ ಗಡಸುತನದಿಂದ ಅದು ತೆಂಗಿನ ಚಿಪ್ಪಿಗೆ, ಕುಂಬಳಕಾಯಿಯ ತೊಟ್ಟಿಗೆ, ಮೀನಿನ ಮುಳ್ಳಿಗೆ ತಾಗಿದಾಗ ಚಕ್ಕೆ ಏಳುತ್ತದೆ. ಏಳದ ಹಾಗೆ ಮಸೆಯಲು ನುಣುಪಾದ ಕಲ್ಲು, ಪಳಗಿದ ಕೈ ಎರಡೂ ಬೇಕು. ನಮ್ಮ ಮೆದು ಚಾಕು ಬೇಗ ಮೊಂಡಾಗುತ್ತದೆ ನಿಜ, ಆದರೆ ಐದು ನಿಮಿಷದ ಮಸೆತಕ್ಕೆ ಮತ್ತೆ ಹರಿತವಾಗುತ್ತದೆ. ಸುವರ್ಣಗೆಡ್ಡೆ, ಹಲಸಿನ ಗುಜ್ಜೆ, ಬಾಳೆದಿಂಡು, ಒಮ್ಮೊಮ್ಮೆ ಬೆಲ್ಲದ ಅಚ್ಚನ್ನೂ ಒಂದೇ ಚಾಕುವಿನಲ್ಲಿ ಮುಗಿಸುವ ಮನೆಗೆ ಸ್ವಲ್ಪ ಮೆದುವಾದ ಉಕ್ಕೇ ಹೊಂದುತ್ತದೆ. ಇದು ಬಡವರ ರಾಜಿಯಲ್ಲ, ಕೆಲಸಕ್ಕೆ ತಕ್ಕ ಆಯ್ಕೆ.

ಅಲಗಿನ ಉಕ್ಕಿಗೆ ಹೊರದೇಶದ ಕಡೆ ನೋಡಬೇಕಾದ ನಾಡು ಇದಲ್ಲ. ದಕ್ಷಿಣ ಭಾರತದ ಕಮ್ಮಾರರು ಶತಮಾನಗಳ ಕಾಲ ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನು ಸೌದೆಯ ಚೂರು, ಎಲೆಗಳ ಜೊತೆ ಮುಚ್ಚಿ ಕಾಯಿಸಿ, ಇಂಗಾಲ ತುಂಬಿದ ಉಕ್ಕಿನ ಗಟ್ಟಿ ತೆಗೆಯುತ್ತಿದ್ದರು. ಈಗಿನ ತೆಲಂಗಾಣದ ಕೋನಸಮುದ್ರಂಗೆ ಈ ಉಕ್ಕಿಗಾಗಿ ಪರ್ಷಿಯಾದ ವ್ಯಾಪಾರಿಗಳು ಬರುತ್ತಿದ್ದರು. 1800ರ ಸುಮಾರಿಗೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಈಗಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಕಡೆ ಉಕ್ಕು ತಯಾರಾಗುವ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಈ ಭಾರತೀಯ ಉಕ್ಕಿನ ತುಂಡುಗಳು 1790ರ ದಶಕದಲ್ಲಿ ಲಂಡನ್ನಿಗೆ ಹೋದವು. ಅಲ್ಲಿ ಚಾಕು, ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಹರಿತವಾದ ಸೂಕ್ಷ್ಮ ಅಲಗುಗಳಿಗೆ ಈ ಉಕ್ಕನ್ನು ಬಹಳವಾಗಿ ಮೆಚ್ಚಿದ. ಅದರ ಗುಟ್ಟು ಹುಡುಕುತ್ತಾ ವಿಜ್ಞಾನಿ ಮೈಕೆಲ್ ಫ್ಯಾರಡೆಯ ಜೊತೆ ಸೇರಿ ಪ್ರಯೋಗ ನಡೆಸಿ 1820ರಲ್ಲಿ ಪ್ರಕಟಿಸಿದ. ಮುಂದೆ ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗೆನ್ ಊರುಗಳ ಕಾರ್ಖಾನೆ ಚಾಕುಗಳು ಭಾರತದ ಪೇಟೆಗಳನ್ನು ತುಂಬಿದವು. ಮೂಸೆಯ ಉಕ್ಕು ನಿಂತೇ ಹೋಯಿತು. ಊರ ಕಮ್ಮಾರ ಮಾತ್ರ ಕುಡುಗೋಲು, ಮಚ್ಚು, ಗುಳಗಳನ್ನು ಹಿಡಿದು ಉಳಿದುಕೊಂಡ.

ಇಂದು ಕಚ್ಚಾಮಾಲಿಗೆ ಕೊರತೆಯಿಲ್ಲ. 2016ರಿಂದ ಭಾರತ ಚೀನಾದ ನಂತರ ಜಗತ್ತಿನಲ್ಲೇ ಅತಿ ಹೆಚ್ಚು ಸ್ಟೇನ್‌ಲೆಸ್ ಸ್ಟೀಲ್ ತಯಾರಿಸುವ ದೇಶ. ಹರಿಯಾಣದ ಹಿಸಾರ್ ಕ್ಷೌರದ ಬ್ಲೇಡಿಗೆ ಬೇಕಾದ ಪಟ್ಟಿಯನ್ನೇ ತಯಾರಿಸುವ ಮಟ್ಟದ ಊರು. ತಮಿಳುನಾಡಿನ ಸೇಲಂನಲ್ಲಿ 1980ರ ದಶಕದ ಆರಂಭದಿಂದ ಸರ್ಕಾರಿ ಸ್ವಾಮ್ಯದ ಸ್ಟೇನ್‌ಲೆಸ್ ಕಾರ್ಖಾನೆಯಿದೆ. 1923ರಲ್ಲಿ ಕಬ್ಬಿಣ ಹರಿಸಲು ತೊಡಗಿದ ಭದ್ರಾವತಿ ವಿಶೇಷ ಉಕ್ಕುಗಳಿಗೆ ಹೆಸರಾಯಿತು. ಕೊರತೆ ಇರುವುದು ಇನ್ನೊಂದು ಕಡೆ: ಇಲ್ಲಿ ಮಾರಾಟವಾಗುವ ಬಹುಪಾಲು ಮನೆಬಳಕೆಯ ಚಾಕುಗಳ ಮೇಲೆ ಯಾವ ದರ್ಜೆಯ ಉಕ್ಕು, ಎಷ್ಟು ಗಡಸು ಎಂಬುದನ್ನು ಬರೆದೇ ಇರುವುದಿಲ್ಲ. 'ಹೈ ಕ್ವಾಲಿಟಿ ಸ್ಟೇನ್‌ಲೆಸ್ ಸ್ಟೀಲ್' ಎಂಬ ಮುದ್ರೆಯಿಂದ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ. ದರ್ಜೆಯನ್ನೂ ಗಡಸನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕುವ ಸಣ್ಣ ತಯಾರಕರು ಈಚೆಗೆ ಕಾಣಿಸಿಕೊಳ್ಳುತ್ತಿದ್ದಾರೆ. ಬೆಲೆ ನೂರು ರೂಪಾಯಿ ಹೆಚ್ಚಾದರೂ ಅಂಥವರದ್ದನ್ನೇ ಆರಿಸುವುದು ಒಳ್ಳೆಯದು, ಏಕೆಂದರೆ ಅಚ್ಚು ಹಾಕಿದ ಮಾತಿಗೆ ತಯಾರಕ ಹೊಣೆಯಾಗಬೇಕಾಗುತ್ತದೆ.

ಇಲ್ಲಿಯದೇ ಚಾಕು ಎಂದು ಖಾತ್ರಿ ಮಾಡಿಕೊಳ್ಳಲು ಬ್ರ್ಯಾಂಡಿನ ಹೆಸರನ್ನು ನಂಬುವಂತಿಲ್ಲ. ಜರ್ಮನ್ ಧ್ವನಿಯ ಹೆಸರಿಟ್ಟುಕೊಂಡ ಭಾರತದ ಚಾಕುಗಳಿವೆ, ಅಪ್ಪಟ ದೇಸಿ ಹೆಸರಿನ ಕೆಳಗೆ ಚೀನಾದಿಂದ ತರಿಸಿದವೂ ಇವೆ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಉತ್ತರವಿರುತ್ತದೆ. ಪೊಟ್ಟಣ ಕಟ್ಟಿ ಮಾರುವ ವಸ್ತುಗಳ ಮೇಲೆ ತಯಾರಕರ ಹೆಸರು, ವಿಳಾಸ ಇರಲೇಬೇಕು. ಆಮದು ಮಾಡಿದ್ದಾದರೆ ಆಮದುದಾರರ ಹೆಸರು, ತಯಾರಾದ ದೇಶ ಇರಬೇಕು ಎಂದು 2011ರ ಕಾನೂನು ಮಾಪನ ನಿಯಮಗಳೂ ಅವುಗಳ ತಿದ್ದುಪಡಿಗಳೂ ಹೇಳುತ್ತವೆ. 'ಮಾರ್ಕೆಟೆಡ್ ಬೈ' ಎಂದು ಮಾತ್ರ ಬರೆದಿದ್ದರೆ ಆ ಕಂಪನಿ ಮಾರುತ್ತಿದೆ ಎಂದಷ್ಟೇ ಅರ್ಥ. 'ಮ್ಯಾನುಫ್ಯಾಕ್ಚರ್ಡ್ ಬೈ' ಎಂಬ ಸಾಲನ್ನು ಹುಡುಕಬೇಕು. ಆನ್‌ಲೈನ್ ಮಾರಾಟ ತಾಣಗಳೂ ತಯಾರಾದ ದೇಶವನ್ನು ತೋರಿಸಬೇಕೆಂಬ ನಿಯಮ 2020ರಿಂದ ಇದೆ. ವಸ್ತುವಿನ ವಿವರಗಳ ಪಟ್ಟಿಯಲ್ಲಿ, ಬಹಳ ಕೆಳಗೆ, ಅದು ಸಿಗುತ್ತದೆ.

ಬೆಲೆಯ ಮಾತು. ಪ್ಲಾಸ್ಟಿಕ್ ಹಿಡಿಯ ಸಣ್ಣ ತರಕಾರಿ ಚಾಕು ಇಪ್ಪತ್ತು ಮೂವತ್ತು ರೂಪಾಯಿಗೂ ಸಿಗುತ್ತದೆ, ಐವತ್ತು ಅರವತ್ತು ಕೊಟ್ಟರೆ ಸಾಕಷ್ಟು ಚೆನ್ನಾಗಿರುತ್ತದೆ. ದೊಡ್ಡ ಚಾಕುವಿಗೆ ಸುಮಾರು ಇನ್ನೂರರಿಂದ ಆರುನೂರು ರೂಪಾಯಿ. ಈ ಮಿತಿಯೊಳಗೆ ಮಾಂಸದಂಗಡಿ, ಹೋಟೆಲುಗಳಿಗೆ ಚಾಕು ಒದಗಿಸುವ ಅಂಗಡಿಗಳಲ್ಲಿ ಸಿಗುವ ಭಾರತೀಯ ಚಾಕುಗಳು, ಮಾಲುಗಳಲ್ಲಿ ಹೊಳೆಯುವ ಪೆಟ್ಟಿಗೆಯಲ್ಲಿ ಬರುವವುಗಳಿಗಿಂತ ಬಹಳ ಸಲ ಮೇಲು. ದಿನವಿಡೀ ಅದರಲ್ಲೇ ಕೆಲಸ ಮಾಡುವವರು ಕೊಳ್ಳುವ ವಸ್ತುವಾದ್ದರಿಂದ ಅಲ್ಲಿ ಅಲಂಕಾರಕ್ಕೆ ಹಣ ಹೋಗಿರುವುದಿಲ್ಲ. ದೊಡ್ಡ ಊರುಗಳ ಹಳೆಯ ಪೇಟೆ ಬೀದಿಗಳಲ್ಲಿ, ಪಾತ್ರೆ ಅಂಗಡಿ ಸಾಲುಗಳ ನಡುವೆ ಇಂಥ ಅಂಗಡಿಗಳಿರುತ್ತವೆ. ಚಾಕುಗಳ ಮೇಲಿನ ಜಿಎಸ್‌ಟಿ 2022ರ ಜುಲೈಯಲ್ಲಿ ಶೇಕಡಾ 12ರಿಂದ 18ಕ್ಕೆ ಏರಿತು; ಆಗ ಅಗ್ಗದ ಚಾಕುಗಳ ಬೆಲೆಯೂ ಒಂದಿಷ್ಟು ಮೇಲೆ ಹೋಯಿತು.

ಅಂಗಡಿಯಲ್ಲಿ ಚಾಕುವನ್ನು ಪೊಟ್ಟಣದಿಂದ ತೆಗೆಸಿ ಕೈಯಲ್ಲಿ ಹಿಡಿದೇ ನೋಡಬೇಕು. ಕಣ್ಣಿನ ಮಟ್ಟಕ್ಕೆ ಹಿಡಿದು ಬೆನ್ನಿನ ಉದ್ದಕ್ಕೂ ನೋಟ ಹರಿಸಿದರೆ ಅಲಗು ಸೊಟ್ಟಗಿದೆಯೇ ಎಂದು ಕಾಣುತ್ತದೆ. ಬಾಯಿಯನ್ನು ಮೇಲೆ ಮಾಡಿ ಬೆಳಕಿಗೆ ಹಿಡಿದಾಗ ಹರಿತವಾದ ಅಂಚು ಹೊಳೆಯುವುದಿಲ್ಲ. ಹೊಳೆವ ಚುಕ್ಕೆ, ಗೆರೆ ಕಂಡಲ್ಲಿ ಅಂಚು ಮೊಂಡಾಗಿದೆ, ಇಲ್ಲವೇ ಮಡಚಿದೆ. ಹಿಡಿಯೊಳಗೆ ಅಲಗಿನ ಬಾಲ ಎಲ್ಲಿಯವರೆಗೆ ಹೋಗಿದೆ ಎಂಬುದು ಮುಖ್ಯ. ಮರದ ಎರಡು ಹಲ್ಲೆಗಳ ನಡುವೆ ಬಾಲ ಕೊನೆಯವರೆಗೆ ಕಂಡು, ಮೂರು ರಿವೆಟ್ ಹೊಡೆದಿದ್ದರೆ ಆ ಚಾಕು ಕುಂಬಳಕಾಯಿಗೂ ಹೆದರುವುದಿಲ್ಲ. ಪ್ಲಾಸ್ಟಿಕ್ ಹಿಡಿಯಾದರೆ ಅಲಗು ಸೇರುವ ಜಾಗದಲ್ಲಿ ಸಂದು ಇರಬಾರದು, ಅಲ್ಲಿ ನೀರು ಇಳಿದು ಕೊಳೆ ನಿಲ್ಲುತ್ತದೆ. ಇನ್ನೊಂದು ವಿಷಯವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ: ಹಿಡಿ ಹಿಡಿದ ಕೈಯ ಗೆಣ್ಣು ಹಲಗೆಗೆ ತಾಗದಷ್ಟು ಅಲಗಿನ ಅಗಲವಿರಬೇಕು. ನಾಲ್ಕೂವರೆ ಸೆಂಟಿಮೀಟರ್ ಅಗಲವಿದ್ದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಗರಗಸದ ಹಲ್ಲಿನ ಅಂಚಿರುವ ಚಾಕು ಟೊಮೆಟೊ, ಬ್ರೆಡ್ಡಿಗೆ ಮೊದಮೊದಲು ಚೆನ್ನ. ಆದರೆ ಒಮ್ಮೆ ಮೊಂಡಾದರೆ ಮನೆಯಲ್ಲಿ ಮಸೆಯಲಾಗದು, ಎಸೆಯಬೇಕಷ್ಟೆ.

ಕಾರ್ಖಾನೆಯ ಚಾಕುವಿನಷ್ಟೇ ಗಮನಕ್ಕೆ ಅರ್ಹವಾದದ್ದು ಕುಲುಮೆಯ ಚಾಕು. ಗುಜರಾತಿನ ಕಚ್ಛ್ ಜಿಲ್ಲೆಯ ರೇಹಾ ಹಳ್ಳಿಯ ಕುಶಲಕರ್ಮಿಗಳು ಚಾಕು, ಅಡಕತ್ತುಗಳಿಗೆ ಹೆಸರಾದವರು. ಉತ್ತರ ಪ್ರದೇಶದ ಮೀರತ್‌ನಲ್ಲಿ ಹಳೆಯ ವಾಹನ, ರೈಲುಗಳ ಗುಜರಿ ಉಕ್ಕಿನಿಂದಲೇ ಕತ್ತರಿಗಳನ್ನು ಮಾಡುತ್ತಾರೆ. ಆ ಕತ್ತರಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕೇರಳದ ಮಲಪ್ಪುರಂ ಕತ್ತಿ, ತಮಿಳುನಾಡಿನ ತಿರುಪ್ಪಾಚೇತಿಯ ಅರಿವಾಳ್ ಆಯಾ ನಾಡುಗಳಲ್ಲಿ ಮನೆಮಾತು. ಕರ್ನಾಟಕದಲ್ಲಿ ಹೀಗೆ ಹೆಸರು ಮಾಡಿದ ಒಂದೇ ಊರಿಲ್ಲ. ಬದಲಿಗೆ ಕೊಡಗು, ಮಲೆನಾಡು, ಕರಾವಳಿಯ ತೋಟದ ಊರುಗಳಲ್ಲಿ ಕತ್ತಿ ಮಾಡುವ ಕಮ್ಮಾರಸಾಲೆಗಳು ಇನ್ನೂ ಉಳಿದಿವೆ. ಬಯಲುಸೀಮೆಯಲ್ಲಿ ವಾರದ ಸಂತೆಗೆ, ಊರ ಜಾತ್ರೆಗೆ ಕುಡುಗೋಲು, ಈಳಿಗೆ, ಚಾಕು ಹರವಿಕೊಂಡು ಕೂರುವವರಿದ್ದಾರೆ. ಉತ್ತರ ಕರ್ನಾಟಕದ ರಸ್ತೆಬದಿಗಳಲ್ಲಿ ಗಿಸಾಡಿ, ಬೈಲುಕಮ್ಮಾರ ಕುಟುಂಬಗಳು ತಿದಿಯೊಂದಿಗೆ ಬೀಡುಬಿಟ್ಟು, ಗಂಡ ಇಕ್ಕಳದಲ್ಲಿ ಹಿಡಿದ ಕೆಂಡದಂಥ ಕಬ್ಬಿಣಕ್ಕೆ ಹೆಂಡತಿ ದೊಡ್ಡ ಸುತ್ತಿಗೆಯ ಪೆಟ್ಟು ಹಾಕುವುದನ್ನು ಇಂದಿಗೂ ಕಾಣಬಹುದು.

ಕುಲುಮೆಯವರ ಮೆಚ್ಚಿನ ಕಚ್ಚಾಮಾಲು ಲಾರಿ, ಜೀಪುಗಳ ಹಳೆಯ ಸ್ಪ್ರಿಂಗ್ ಪ್ಲೇಟು. ಅದರಲ್ಲಿ ಶೇಕಡಾ 0.5ರಿಂದ 0.6ರಷ್ಟು ಇಂಗಾಲವಿರುತ್ತದೆ, ಸರಿಯಾಗಿ ಹದ ಕೊಟ್ಟರೆ ಪೇಟೆಯ ಸಾಧಾರಣ ಸ್ಟೇನ್‌ಲೆಸ್ ಚಾಕುವಿಗಿಂತ ಗಟ್ಟಿಯಾದ, ಹೆಚ್ಚು ಹೊತ್ತು ಹರಿತ ಹಿಡಿಯುವ ಅಲಗಾಗುತ್ತದೆ. ಎಲ್ಲವೂ ನಿಂತಿರುವುದು ಆ ಹದದ ಮೇಲೆ. ತಟ್ಟಿ ಆಕಾರ ಬಂದ ಅಲಗನ್ನು ಇದ್ದಿಲ ಬೆಂಕಿಯಲ್ಲಿ ಎಂಟುನೂರು ಡಿಗ್ರಿ ಸೆಲ್ಸಿಯಸ್ ದಾಟುವಂತೆ ಕಾಯಿಸುತ್ತಾರೆ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಆಯಸ್ಕಾಂತಕ್ಕೆ ಅಂಟುವ ಗುಣವನ್ನು ಕಳೆದುಕೊಳ್ಳುತ್ತದೆ, ಅದ್ದಬೇಕಾದದ್ದು ಅದಕ್ಕಿಂತ ಸ್ವಲ್ಪ ಮೇಲೆ. ಕಮ್ಮಾರನ ಬಳಿ ಇದಕ್ಕೆ ಮಾಪಕವಿಲ್ಲ, ಬಣ್ಣವೇ ಮಾಪಕ. ಕುಲುಮೆಯನ್ನು ಮಬ್ಬುಗತ್ತಲಲ್ಲಿ ಇಡುವುದೂ ಅದಕ್ಕೇ. ಬಿಸಿಲಿನಲ್ಲಿ ಕೆಂಪಿನ ಛಾಯೆಗಳು ಕಣ್ಣಿಗೆ ನಿಲುಕುವುದಿಲ್ಲ. ಆ ಕೆಂಪು ಬಂದೊಡನೆ ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿದರೆ ಅಲಗು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಭಂಗುರ. ಅದನ್ನು ಮತ್ತೆ ಹದವಾಗಿ ಬಿಸಿಮಾಡಿ ಸ್ವಲ್ಪ ಮೆದುಗೊಳಿಸಬೇಕು. ಉಜ್ಜಿ ಬೆಳ್ಳಗಾಗಿಸಿದ ಅಲಗಿನ ಮೇಲೆ 220 ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ಹಳದಿ ಮೂಡುತ್ತದೆ, ಇನ್ನೂ ಕಾದರೆ ಕಂದು, ನೇರಳೆ, 300ರ ಹತ್ತಿರ ನೀಲಿ. ಚಾಕುವಿಗೆ ಹುಲ್ಲಿನ ಬಣ್ಣ ಸಾಕು. ನೀಲಿಗೆ ಹೋದರೆ ಹರಿತ ನಿಲ್ಲುವುದಿಲ್ಲ. ಇಷ್ಟೆಲ್ಲ ತೀರ್ಮಾನವನ್ನು ಕಣ್ಣಳತೆಯಲ್ಲಿ, ಕೆಲವೇ ಕ್ಷಣಗಳಲ್ಲಿ ಮಾಡುವ ಕೈಗೆ ಸಂತೆಯಲ್ಲಿ ಸಿಗುವ ಬೆಲೆ ನೂರೈವತ್ತು, ಇನ್ನೂರು, ಹೆಚ್ಚೆಂದರೆ ನಾಲ್ಕುನೂರು ರೂಪಾಯಿ. ಈ ಚಾಕುಗಳಲ್ಲಿ ಚೌಕಾಸಿ ಮಾಡಿ ಉಳಿಸುವಂಥದ್ದೇನೂ ಇಲ್ಲ.

ಕುಲುಮೆಯ ಚಾಕುವಿನ ದೊಡ್ಡ ದೋಷ ದಪ್ಪ. ಕೊಂಬೆ ಕಡಿಯುವ ಕತ್ತಿ ಮಾಡಿ ರೂಢಿಯಾದ ಕೈ ಅಡುಗೆಯ ಅಲಗನ್ನೂ ಮೂರು ನಾಲ್ಕು ಮಿಲಿಮೀಟರ್ ದಪ್ಪವಾಗಿಯೇ ಬಿಡುತ್ತದೆ. ಅಂಥದ್ದು ಮೀನು, ಮಾಂಸ, ತೆಂಗಿನಕಾಯಿಗೆ ಸರಿ, ಬೀನ್ಸ್ ಹೆಚ್ಚಲು ಭಾರ. ಇದಕ್ಕೆ ಪರಿಹಾರ ಸುಲಭ: ಹೇಳಿ ಮಾಡಿಸುವುದು. ಒಂದು ರಟ್ಟಿನಲ್ಲಿ ಬೇಕಾದ ಆಕಾರವನ್ನು ಕತ್ತರಿಸಿ ಕೊಟ್ಟು, ಬೆನ್ನು ಎರಡು ಮಿಲಿಮೀಟರ್ ಮೀರದಂತೆ ತೆಳ್ಳಗೆ ತಟ್ಟಿ, ಬಾಯಿಯವರೆಗೂ ಇಳಿಸಿ ಉಜ್ಜಿಕೊಡಲು ಕೇಳಬೇಕು. ತೆಳ್ಳಗೆ ತಟ್ಟುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಹದ ಹಾಕುವಾಗ ಸೊಟ್ಟಗಾಗುವ ಭಯವೂ ಇದೆ. ಹಾಗಾಗಿ ಮಾಮೂಲಿ ದರಕ್ಕಿಂತ ಹೆಚ್ಚು ಕೊಡುವುದು ನ್ಯಾಯ. ತಯಾರಾದ ಅಲಗಿನ ಅಂಚಿನ ಮೇಲೆ ಅರವನ್ನು ಹಗುರವಾಗಿ ಎಳೆದು ನೋಡಿದರೆ ಹದ ಗೊತ್ತಾಗುತ್ತದೆ: ಅರ ಜಾರಿದರೆ ಗಟ್ಟಿಯಾಗಿದೆ, ಕಚ್ಚಿಕೊಂಡು ಕಬ್ಬಿಣದ ಪುಡಿ ಉದುರಿದರೆ ಆಗಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಅದರಲ್ಲಿ ಉಪಕರಣಕ್ಕೆ 15,000 ರೂಪಾಯಿಯ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಎರಡು ಕಂತಿನ ಸಾಲ ಸಿಗುತ್ತದೆ. ನೆರವು ಬೇಕು, ಸರಿ. ಆದರೆ ಕುಲುಮೆಯನ್ನು ಉಳಿಸುವುದು ಮುಖ್ಯವಾಗಿ ಕೆಲಸ. ತೋಟದ ಕೂಲಿ ಕತ್ತಿಯ ಬದಲು ಯಂತ್ರಕ್ಕೆ ಹೋಗುತ್ತಿರುವ ಕಾಲದಲ್ಲಿ, ಊರಿನ ಹತ್ತು ಮನೆಯವರು ಅಡುಗೆಯ ಚಾಕು ಮಾಡಿಸಿದರೂ ಆ ಕೈಗೆ ಹೊಸ ಕೆಲಸ ಸಿಕ್ಕಂತೆ.

ಕುಲುಮೆಯ ಉಕ್ಕು ತುಕ್ಕು ಹಿಡಿಯುತ್ತದೆ ಎಂಬ ಅಳುಕು ಅನೇಕರಿಗಿದೆ. ಬಳಸಿದ ಕೂಡಲೇ ತೊಳೆದು, ಒಣಬಟ್ಟೆಯಲ್ಲಿ ಒರೆಸಿದರೆ ಹಿಡಿಯುವುದಿಲ್ಲ. ಕೆಲವು ವಾರಗಳ ಬಳಕೆಯಲ್ಲಿ ಅಲಗಿನ ಮೇಲೆ ಬೂದು, ಕಪ್ಪು ಛಾಯೆ ಕೂಡುತ್ತದೆ. ಅದು ಕೊಳೆಯಲ್ಲ, ಉಕ್ಕು ತಾನೇ ಹೊದ್ದುಕೊಳ್ಳುವ ರಕ್ಷಣೆ. ಅದನ್ನು ಉಜ್ಜಿ ತೆಗೆಯಬಾರದು. ಕೆಂಪು ತುಕ್ಕು ಕಂಡರೆ ಹುಣಿಸೆಹಣ್ಣಿನಿಂದ ತಿಕ್ಕಿ ತೊಳೆದು, ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಆಯಿತು. ಹೊಸದರಲ್ಲಿ ಹುಳಿ ಪದಾರ್ಥ, ಈರುಳ್ಳಿ, ಬಾಳೆಕಾಯಿ ಹೆಚ್ಚಿದಾಗ ತರಕಾರಿಯ ಅಂಚು ಸ್ವಲ್ಪ ಕಪ್ಪಾಗುವುದುಂಟು, ಛಾಯೆ ಕೂಡಿದ ಮೇಲೆ ಅದು ಕಡಿಮೆಯಾಗುತ್ತದೆ. ಬಾಳೆಹೂವು, ಬಾಳೆದಿಂಡು, ಮಾವಿನಕಾಯಿ ಹೆಚ್ಚಲು ಮಾತ್ರ ಸ್ಟೇನ್‌ಲೆಸ್ ಅಲಗೇ ಒಳ್ಳೆಯದು.

ಅಗ್ಗದ ದೇಸಿ ಅಲಗುಗಳ ಮಾತಿನಲ್ಲಿ ಈಳಿಗೆಮಣೆಯನ್ನು ಬಿಡುವಂತಿಲ್ಲ. ಮಲೆನಾಡು, ಕರಾವಳಿಯಲ್ಲಿ ಮೆಟ್ಟುಗತ್ತಿ ಎನ್ನುವ ಇದರಲ್ಲಿ ಅಲಗು ಕದಲದೆ ನಿಂತಿರುತ್ತದೆ, ಕತ್ತರಿಸಬೇಕಾದದ್ದನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿನತ್ತ ತಳ್ಳುತ್ತಾರೆ. ಕಾಲಿನಲ್ಲಿ ಮೆಟ್ಟಿದ ಮಣೆಯ ಮೇಲೆ ದೇಹದ ಭಾರ ಬೀಳುವುದರಿಂದ ಸುವರ್ಣಗೆಡ್ಡೆ, ಹಲಸಿನಂಥ ಗಟ್ಟಿ ಪದಾರ್ಥಕ್ಕೆ ಚಾಕುವಿಗಿಂತ ಇದು ಸುರಕ್ಷಿತ. ಚಾಕು ಜಾರಬಹುದು, ಈಳಿಗೆ ಜಾರುವುದಿಲ್ಲ. ಮೀನು ಶುಚಿ ಮಾಡಲು, ಅಡಕೆ ಸುಲಿಯಲು ಇಂದಿಗೂ ಇದಕ್ಕೆ ಸಾಟಿಯಿಲ್ಲ. ತುದಿಯಲ್ಲಿ ಹಲ್ಲಿನ ಬಿಲ್ಲೆ ಇದ್ದರೆ ಅದರಲ್ಲೇ ಕಾಯಿ ತುರಿಯಬಹುದು. ಗ್ಯಾಸ್ ಒಲೆ, ಅದರ ಜೊತೆಗೆ ನಿಂತು ಅಡುಗೆ ಮಾಡುವ ಕಟ್ಟೆ ಬಂದ ಮೇಲೆ ನೆಲದ ಮೇಲೆ ಕೂತು ಹೆಚ್ಚುವ ರೂಢಿ ಪೇಟೆಯ ಮನೆಗಳಲ್ಲಿ ಕಳೆಯಿತು, ಈಳಿಗೆ ಅಟ್ಟ ಸೇರಿತು. ಕೂರಬಲ್ಲವರಿಗೆ ಅದನ್ನು ಅಟ್ಟದಿಂದ ಇಳಿಸಿ ಸಾಣೆ ಹಿಡಿಸುವುದು, ಹೊಸ ಚಾಕು ಕೊಳ್ಳುವುದಕ್ಕಿಂತ ಅಗ್ಗ. ಹಳೆಯ ಈಳಿಗೆಗಳ ಅಲಗು ಹೆಚ್ಚಿನವು ಕಮ್ಮಾರನ ಕೈಯವು, ಉಕ್ಕು ಚೆನ್ನಾಗಿರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅಲಗನ್ನು ಮಡಚಿಡುವ ಮಣೆಯೇ ಆಗಬೇಕು.

ಯಾವ ಚಾಕುವೇ ಆಗಲಿ, ಕೊಂಡ ಹಣ ಸಾರ್ಥಕವಾಗುವುದು ಸಾಣೆಯಲ್ಲಿ. ಕನ್ನಡ ನಾಡಿನ ಮನೆಗಳಲ್ಲಿ 'ಕೆಟ್ಟ ಚಾಕು' ಎಂದು ಮೂಲೆಗೆ ಬಿದ್ದಿರುವುದರಲ್ಲಿ ಬಹುಪಾಲು ಬರೀ ಮೊಂಡಾದವು. ಮೊಂಡು ಚಾಕು ಅಪಾಯಕಾರಿ ಕೂಡ: ಒತ್ತಿ ಹಿಡಿಯಬೇಕಾಗುತ್ತದೆ, ಒತ್ತಿದಾಗ ಟೊಮೆಟೊ ಸಿಪ್ಪೆಯ ಮೇಲೆ ಜಾರಿ ಬೆರಳಿಗೆ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿ ಒರಟು, ಇನ್ನೊಂದು ಬದಿ ನುಣುಪು ಇರುವ ಕಾರ್ಬೊರಂಡಮ್ ಕಲ್ಲು ನೂರಿನ್ನೂರು ರೂಪಾಯಿಗೆ ಸಿಗುತ್ತದೆ. 1954ರಲ್ಲಿ ಚೆನ್ನೈಯಲ್ಲಿ ಆರಂಭವಾದ ಕಾರ್ಬೊರಂಡಮ್ ಯೂನಿವರ್ಸಲ್ ಸೇರಿದಂತೆ ಉಜ್ಜುಗಲ್ಲುಗಳ ತಯಾರಕರು ಭಾರತದಲ್ಲೇ ಇದ್ದಾರೆ. 420 ದರ್ಜೆಯ ಅಲಗಿಗೂ ಕುಲುಮೆಯ ಅಲಗಿಗೂ ಇದು ಸಾಕಷ್ಟಾಯಿತು. ಇನ್ನೂ ನುಣುಪು ಬೇಕೆನ್ನುವವರು 1000 ಗ್ರಿಟ್ಟಿನ ಕಲ್ಲನ್ನು ಸೇರಿಸಿಕೊಳ್ಳಬಹುದು. ಕಲ್ಲಿಲ್ಲದ ಹೊತ್ತಿಗೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ಬುಡದಲ್ಲಿ ಹೊಳಪು ಬಳಿಯದ ಒರಟು ಉಂಗುರದ ಮೇಲೆ ಉಜ್ಜಿದರೂ ಕೆಲಸ ನಡೆಯುತ್ತದೆ.

ಮಸೆಯುವ ಕ್ರಮ ಕಲಿಯಲು ಒಂದು ಸಂಜೆ ಸಾಕು. ಕಲ್ಲನ್ನು ನೀರಿನಲ್ಲಿ ನೆನೆಸಿ, ಕೆಳಗೆ ಒದ್ದೆ ಬಟ್ಟೆ ಹಾಸಿ ಜಾರದಂತೆ ಇಡಬೇಕು. ಅಲಗಿನ ಬಾಯಿ ಕಲ್ಲಿಗೆ 15ರಿಂದ 20 ಡಿಗ್ರಿ ಕೋನದಲ್ಲಿರಬೇಕು. ನಾಲ್ಕು ಸೆಂಟಿಮೀಟರ್ ಅಗಲದ ಅಲಗಾದರೆ ಬೆನ್ನು ಕಲ್ಲಿನಿಂದ ಒಂದು ಸೆಂಟಿಮೀಟರಿಗಿಂತ ತುಸು ಮೇಲೆ ಇದ್ದಂತೆ. ಈ ಎತ್ತರವನ್ನು ಬದಲಿಸದೆ, ಹಿಮ್ಮಡಿಯಿಂದ ತುದಿಯವರೆಗೆ ಹಗುರ ಒತ್ತಡದಲ್ಲಿ ಒರಟು ಬದಿಯ ಮೇಲೆ ಉಜ್ಜುತ್ತಾ ಹೋದರೆ, ಅಂಚಿನ ಆಚೆ ಬದಿಗೆ ಕೂದಲೆಳೆಯಷ್ಟು ಒರಟು ಮಡಚಿಕೊಳ್ಳುತ್ತದೆ. ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ, ಹೊರಮುಖವಾಗಿ ಸವರಿದರೆ ಅದು ತಾಗುತ್ತದೆ. ಅಂಚಿನ ಉದ್ದಕ್ಕೂ ಅದು ತಾಗುವವರೆಗೆ ಆ ಬದಿ ಮುಗಿದಿಲ್ಲ. ನಡುವೆಯೇ ಬದಿ ತಿರುಗಿಸುವುದರಿಂದಲೇ ಹೆಚ್ಚಿನವರ ಮಸೆತ ಕೈಕೊಡುತ್ತದೆ. ಅದು ತಾಗಿದ ಮೇಲೆ ಇನ್ನೊಂದು ಬದಿಗೂ ಅಷ್ಟೇ ಮಾಡಿ, ನುಣುಪು ಕಲ್ಲಿನ ಮೇಲೆ ಎರಡೂ ಬದಿ ಸರದಿಯಂತೆ ಕೆಲವು ಸಲ ಎಳೆದು, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೋ ಮಡಚಿದ ದಿನಪತ್ರಿಕೆಯ ಮೇಲೋ ಹಿಮ್ಮುಖವಾಗಿ ಸವರಿದರೆ ಉಳಿದ ಒರಟೂ ಬಿದ್ದುಹೋಗುತ್ತದೆ. ಹಿಡಿದ ಕಾಗದದ ಹಾಳೆಯನ್ನು ಹರಿಯದೆ ಕತ್ತರಿಸಿದರೆ ಚಾಕು ಸಿದ್ಧ. ದಿನಬಳಕೆಯ ಮನೆಯಲ್ಲಿ ತಿಂಗಳಿಗೊಮ್ಮೆ ಈ ಕೆಲಸ, ನಡುವೆ ವಾರಕ್ಕೊಮ್ಮೆ ಬೆಲ್ಟಿನ ಮೇಲೆ ಹತ್ತು ಸವರು.

ಸೈಕಲ್ಲಿನಲ್ಲಿ ಚಕ್ರ ತಿರುಗಿಸುತ್ತಾ ಬೀದಿಗೆ ಬರುವ ಸಾಣೆಯವರು ಈಗ ವಿರಳ. ಬಂದರೆ ಕರೆಯಬೇಕು, ಅವರಿಗೆ ಕೊಡುವ ಮೂವತ್ತು ನಲವತ್ತು ರೂಪಾಯಿಗೆ ಕೆಟ್ಟುಹೋದ ಅಂಚು ಮತ್ತೆ ಆಕಾರಕ್ಕೆ ಬರುತ್ತದೆ. ಒಂದು ಎಚ್ಚರಿಕೆಯಿದೆ. ವೇಗದ ಒಣ ಚಕ್ರಕ್ಕೆ ಒತ್ತಿ ಹಿಡಿದಾಗ ತೆಳು ಅಂಚು ಕಾದು ನೀಲಿಗಟ್ಟುತ್ತದೆ, ಅಲ್ಲಿ ಹದ ಹೋಯಿತೆಂದೇ ಅರ್ಥ. ನಡುನಡುವೆ ಅಲಗನ್ನು ನೀರಿಗೆ ಅದ್ದಿ ಅದ್ದಿ ಹಿಡಿಯುವಂತೆ ಹೇಳಿದರೆ ಒಳ್ಳೆಯ ಸಾಣೆಯವರು ಬೇಸರಿಸಿಕೊಳ್ಳುವುದಿಲ್ಲ. ಎರಡು ಚಕ್ರಗಳ ನಡುವೆ ಎಳೆಯುವ ಪ್ಲಾಸ್ಟಿಕ್ ಮಸೆಯಂತ್ರಗಳು ಅವಸರಕ್ಕೆ ಆಗುತ್ತವೆ, ಆದರೆ ಪ್ರತಿ ಸಲವೂ ಬೇಕಾದ್ದಕ್ಕಿಂತ ಹೆಚ್ಚು ಉಕ್ಕನ್ನು ಕಿತ್ತುಕೊಳ್ಳುತ್ತವೆ.

ಹರಿತವನ್ನು ಕಾಯುವುದು ಹಲಗೆ. ಗಾಜಿನ, ಸ್ಟೀಲಿನ ಹಲಗೆ, ಅಡುಗೆಕಟ್ಟೆಯ ಗ್ರಾನೈಟ್, ಊಟದ ತಟ್ಟೆ, ಇವುಗಳ ಮೇಲೆ ಹೆಚ್ಚಿದರೆ ಯಾವ ದೇಶದ ಚಾಕುವಾದರೂ ಎರಡೇ ದಿನಕ್ಕೆ ಮೊಂಡು. ಹಲಸು, ಮಾವು, ಬೇವಿನ ಮರದ ಹಲಗೆ ಬಡಗಿಯ ಬಳಿ ಸುಲಭವಾಗಿ ಆಗುತ್ತದೆ; ತೇಗದಲ್ಲಿ ಮರಳಿನ ಅಂಶ ಇರುವುದರಿಂದ ಅದು ಅಲಗಿಗೆ ಅಷ್ಟು ಹಿತವಲ್ಲ. ಹೆಚ್ಚಿದ್ದನ್ನು ಬಾಣಲೆಗೆ ಗೋರಿಕೊಳ್ಳುವಾಗ ಬಾಯಿಯ ಬದಲು ಬೆನ್ನನ್ನು ಬಳಸಬೇಕು. ಪಾತ್ರೆ ರಾಶಿಯ ನಡುವೆ ಸಿಂಕಿನಲ್ಲಿ ಚಾಕುವನ್ನು ಬಿಡಬಾರದು, ಅದು ಅಂಚಿಗೂ ಕೆಟ್ಟದ್ದು, ತೊಳೆಯುವವರ ಕೈಗೂ.

ಕಾನೂನಿನ ಅಳುಕಿನಿಂದ ಕಮ್ಮಾರನ ಬಳಿ ದೊಡ್ಡ ಚಾಕು ಮಾಡಿಸಲು ಹಿಂಜರಿಯುವವರೂ ಇದ್ದಾರೆ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧವೆಂದು ಎಣಿಸುವ ನಿಯಮ, ಮನೆಬಳಕೆ ಮತ್ತು ಬೇಸಾಯಕ್ಕೆಂದು ಮಾಡಿದವನ್ನು ಹೊರಗಿಟ್ಟಿದೆ. ಹಾಗಿದ್ದರೂ ಅಡುಗೆಗೆ ಎಂಟು ಇಂಚು ಮೀರಿದ ಅಲಗಿನ ಅಗತ್ಯವೇ ಬರುವುದಿಲ್ಲ.

ಕೊನೆಗೆ ಸವೆಯುವುದು ಹಿಡಿ. ಮರದ ಹಿಡಿಯನ್ನು ನೀರಿನಲ್ಲಿ ನೆನೆಹಾಕದೆ, ಆಗಾಗ ಎಣ್ಣೆ ಸವರಿದರೆ ವರ್ಷಗಟ್ಟಲೆ ಬಿರುಕು ಬಿಡುವುದಿಲ್ಲ. ಕುಲುಮೆಯ ಚಾಕುವಿನ ಹಿಡಿ ಸಡಿಲವಾದರೆ ತೂತಿಗೆ ಅರಗಿನ ಪುಡಿ ತುಂಬಿ, ಅಲಗಿನ ಬಾಲವನ್ನಷ್ಟೇ ಕಾಯಿಸಿ ಒಳಕ್ಕೆ ಒತ್ತಿದರೆ ಅರಗು ಕರಗಿ, ಆರಿದಾಗ ಬಿಗಿಯಾಗಿ ಹಿಡಿಯುತ್ತದೆ. ಹೀಗೆ ಮಾಡುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಬೇಕು, ಇಲ್ಲದಿದ್ದರೆ ಬಿಸಿ ಅಂಚಿನವರೆಗೆ ಹರಿದು ಹದ ಕೆಡುತ್ತದೆ. ಮರವೇ ಒಡೆದಿದ್ದರೆ ಹಲಸಿನ ಅಥವಾ ಬೀಟೆಯ ತುಂಡಿನಲ್ಲಿ ಬಡಗಿ ಹೊಸದನ್ನು ಕೂರಿಸಿಕೊಡುತ್ತಾನೆ. ರಿವೆಟ್ ಹೊಡೆದ ಕಾರ್ಖಾನೆ ಚಾಕುವಿಗೂ ಹಳೆಯ ಹಲ್ಲೆ ಕಿತ್ತು ಹೊಸದನ್ನು ಹಾಕಬಹುದು. ಪ್ಲಾಸ್ಟಿಕ್ಕನ್ನು ಅಲಗಿನ ಸುತ್ತ ಎರಕ ಹೊಯ್ದ ಹಿಡಿಗೆ ಮಾತ್ರ ಈ ದಾರಿ ಇಲ್ಲ. ಕೊಳ್ಳುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.